ಟೇಬಲ್ ಚಿಕ್ಕದಾದರೆ ರೈಲ್ವೆ ಕಂಪನಿಯೂ ಚಿಕ್ಕದಿರಲಿ

ಮಾಡೆಲ್ ರೈಲಿನ ವಿಷಯ ತೆಗೆದರೆ ನಮ್ಮ ಕ್ಲಾಸಿನಲ್ಲಿ ಎರಡು ಮಾತು ಬರುತ್ತವೆ. ಅದು ಮಕ್ಕಳ ಆಟಿಕೆ ಎನ್ನುವುದು ಒಂದು. ಅದು ಸೈನ್ಸ್‌ನವರ ಕೆಲಸ, ಕಾಮರ್ಸ್‌ನವರಿಗೆ ಯಾಕೆ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಮನೆಯ ಚಿಕ್ಕ ಟೇಬಲ್ ಮೇಲೆ ರೈಲು ಹಾಕುವವರಿಗೆ ವೈರಿಂಗ್‌ಗಿಂತ ಮೊದಲು ಬೇಕಾಗುವುದು ವ್ಯಾಪಾರದ ಬುದ್ಧಿ.

ಈ ಹವ್ಯಾಸದಲ್ಲಿ ಪ್ರೋಟೊಟೈಪ್ ಎಂದರೆ ನಾವು ನಕಲು ಮಾಡಲು ಆರಿಸಿಕೊಳ್ಳುವ ನಿಜವಾದ ರೈಲ್ವೆ. ಹೊಸಬರ ಕಣ್ಣು ಮೊದಲು ಹೋಗುವುದು ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಯ 'ಬಿಗ್ ಬಾಯ್' ಸ್ಟೀಮ್ ಇಂಜಿನ್ ಮೇಲೆ. ನೋಡಲು ಅದ್ಭುತವೇ, ಇಲ್ಲ ಎನ್ನುವುದಿಲ್ಲ. ಆದರೆ ಟೆಂಡರ್ ಸೇರಿ ಅದರ ಉದ್ದ 132 ಅಡಿಗೂ ಹೆಚ್ಚು. ಎಚ್‌ಒ ಸ್ಕೇಲಿನಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಸುಮಾರು 18 ಇಂಚು. 6 ಅಡಿ ಉದ್ದ 4 ಅಡಿ ಅಗಲದ ಟೇಬಲ್ ಮೇಲೆ ಸುತ್ತು ಹಳಿ ಹಾಕಿ, ಅದಕ್ಕೆ 20 ವ್ಯಾಗನ್ ಕಟ್ಟಿದರೆ ಇಂಜಿನ್ನಿನ ಮೂತಿ ಕೊನೆಯ ವ್ಯಾಗನ್ನಿನ ಹಿಂದೆಯೇ ಬಂದು ನಿಲ್ಲುತ್ತದೆ. ಆಮೇಲೆ ಅದು ಓಡಿದರೂ ಒಂದೇ, ನಿಂತರೂ ಒಂದೇ.

ಅದಕ್ಕೇ ನಾನು ಶಾರ್ಟ್‌ಲೈನ್ ಪರ. ಅಮೆರಿಕದಲ್ಲಿ ರೈಲ್ವೆಗಳು ಖಾಸಗಿ ಕಂಪನಿಗಳ ಕೈಯಲ್ಲಿವೆ. ದೊಡ್ಡ ಕಂಪನಿಗಳ ಜೊತೆಗೆ ಕೆಲವೇ ಮೈಲಿ ಹಳಿ, ಒಂದೆರಡು ಇಂಜಿನ್ ಇಟ್ಟುಕೊಂಡ ಪುಟ್ಟ ಕಂಪನಿಗಳೂ ಇವೆ. ಊರಿನ ಕಾರ್ಖಾನೆಗಳಿಂದ ವ್ಯಾಗನ್ ತಂದು ದೊಡ್ಡ ಕಂಪನಿಯ ಜಂಕ್ಷನ್‌ಗೆ ಒಪ್ಪಿಸುವುದು, ಅಲ್ಲಿಂದ ಬಂದದ್ದನ್ನು ಕಾರ್ಖಾನೆಗೆ ಮುಟ್ಟಿಸುವುದು ಅವುಗಳ ಕೆಲಸ. 1980ರ ಸ್ಟ್ಯಾಗರ್ಸ್ ಕಾಯ್ದೆಯ ನಂತರ ದೊಡ್ಡ ಕಂಪನಿಗಳು ಲಾಭವಿಲ್ಲದ ಕವಲು ಮಾರ್ಗಗಳನ್ನು ಮಾರುವುದು ಸುಲಭವಾಯಿತು. ಕೊಂಡವರು ಹೊಸ ಶಾರ್ಟ್‌ಲೈನ್ ಶುರು ಮಾಡಿದರು. ಇಂದು ಅಂಥವು ಸುಮಾರು 600 ಇವೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಹೆಚ್ಚಿನವರು ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ರೈಲ್‌ರೋಡ್ ಎನ್ನುತ್ತಾರೆ. 1832ರಲ್ಲಿ ಪರವಾನಗಿ ಪಡೆದದ್ದು, ಉದ್ದ ಬರೀ ನಾಲ್ಕೂವರೆ ಮೈಲಿ. 1958ರಲ್ಲಿ ಮುಚ್ಚಿಹೋಗುವ ಸ್ಥಿತಿಯಲ್ಲಿದ್ದಾಗ ರೈಲು ಪ್ರೇಮಿಗಳ ಗುಂಪೊಂದು ಕೊಂಡು ಉಳಿಸಿತು. ಈಗ ಹೊಲಗಳ ನಡುವೆ ಸ್ಟೀಮ್ ರೈಲಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುತ್ತದೆ. ಕಥೆ ಚೆನ್ನಾಗಿದೆ. ಆದರೆ ಟೇಬಲ್ ಮೇಲೆ ಅದರ ಮುಖ್ಯ ಕೆಲಸ ಹೋಗುವುದು, ವಾಪಸ್ ಬರುವುದು. ಮೂರನೇ ದಿನಕ್ಕೆ ಬೇಸರ ಬರುತ್ತದೆ.

ನನ್ನ ಆಯ್ಕೆ ನ್ಯೂಜೆರ್ಸಿಯ ರಾವೇ ವ್ಯಾಲಿ ರೈಲ್‌ರೋಡ್. ಅದಕ್ಕೆ ಯಾವ ಅಂದವೂ ಇಲ್ಲ. ಕೆನಿಲ್‌ವರ್ತ್ ಎಂಬ ಊರಿನಲ್ಲಿ ಆಫೀಸು, ಇಂಜಿನ್ ಶೆಡ್; ಸುತ್ತ ಸಣ್ಣ ದೊಡ್ಡ ಕಾರ್ಖಾನೆಗಳು. 1950ರ ದಶಕದಲ್ಲಿ ಸ್ಟೀಮ್ ಬಿಟ್ಟ ಮೇಲೆ ಎರಡೇ ಎರಡು ಡೀಸೆಲ್ ಇಂಜಿನ್, ಜನರಲ್ ಎಲೆಕ್ಟ್ರಿಕ್‌ನ 70 ಟನ್ನಿನವು. ಎಚ್‌ಒದಲ್ಲಿ ಅಂಥ ಇಂಜಿನ್ ಸುಮಾರು 5 ಇಂಚು, ಟೇಬಲ್ಲಿನ ಕಡಿದಾದ ತಿರುವಿನಲ್ಲೂ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲಿ ಗಿರಾಕಿಗಳಿದ್ದಾರೆ. ಯಾವ ವ್ಯಾಗನ್ ಯಾವ ಕಾರ್ಖಾನೆಯ ಸೈಡಿಂಗ್‌ಗೆ, ಯಾವುದನ್ನು ಮೊದಲು ಹೊರಗೆ ಎಳೆಯಬೇಕು, ಖಾಲಿಯಾದದ್ದು ಎಲ್ಲಿಗೆ ಎಂದು ತಲೆ ಓಡಿಸಬೇಕು. ಅನುಭವಿ ಹವ್ಯಾಸಿಗಳು ಪ್ರತಿ ವ್ಯಾಗನ್‌ಗೂ ಒಂದು ಕಾರ್ಡ್, ಅದರ ಜೊತೆ ವೇಬಿಲ್ ಇಡುತ್ತಾರೆ. ಕಳಿಸಿದವರು ಯಾರು, ಪಡೆಯುವವರು ಯಾರು, ಸರಕು ಏನು ಎಲ್ಲವೂ ಅದರಲ್ಲಿರುತ್ತದೆ. ಈಗ ಹೇಳಿ, ಇದು ಸೈನ್ಸ್‌ನವರ ಕೆಲಸವೋ ನಮ್ಮದೋ?

ರಾವೇ ವ್ಯಾಲಿ ಓಟ ನಿಲ್ಲಿಸಿದ್ದು 1992ರಲ್ಲಿ. ಇಂಜಿನ್ ಕೆಟ್ಟು ನಿಂತದ್ದಲ್ಲ, ಗಿರಾಕಿಗಳು ಕಡಿಮೆಯಾಗಿ ನಿಂತದ್ದು. ಇಂಜಿನ್ ಮಾತ್ರ ತಂದು ಗಿರಾಕಿಗಳನ್ನು ಬಿಟ್ಟ ಮಾಡೆಲ್‌ನಲ್ಲಿ ಇದು ಕಾಣುವುದೇ ಇಲ್ಲ.

ಇಂಜಿನ್ ಆರಿಸುವಾಗಲೂ ಲೆಕ್ಕಪತ್ರ ಎದುರಿಗೇ ಬರುತ್ತದೆ. ಅದೇ ಕಂಪನಿಯ 44 ಟನ್ ಇಂಜಿನ್ ಅಮೆರಿಕದ ಸಣ್ಣ ರೈಲ್ವೆಗಳಲ್ಲಿ ಬಹಳ ಓಡಿತು. 44 ಯಾಕೆ, 45 ಅಥವಾ 50 ಯಾಕಲ್ಲ? 1937ರ ಒಂದು ಕಾರ್ಮಿಕ ಒಪ್ಪಂದದ ಪ್ರಕಾರ 90,000 ಪೌಂಡ್ ಮತ್ತು ಅದಕ್ಕಿಂತ ಭಾರದ ಇಂಜಿನ್‌ಗೆ ಡ್ರೈವರ್ ಜೊತೆ ಫೈರ್‌ಮನ್ ಕೂಡ ಬೇಕಿತ್ತು. ಅವರ ಟನ್ ಎಂದರೆ 2,000 ಪೌಂಡ್. 44 ಟನ್ 88,000 ಪೌಂಡ್ ಆಗುತ್ತದೆ, ಒಬ್ಬರ ಸಂಬಳ ಉಳಿಯುತ್ತದೆ! ಫೈರ್‌ಮನ್ ಮನೆಯವರಿಗೆ ಇದು ಸಂತೋಷದ ಸುದ್ದಿ ಆಗಿರಲಿಕ್ಕಿಲ್ಲ, ಅದು ಬೇರೆ ಮಾತು.

ನಿಜವಾದ ರೈಲ್ವೆ ಯಾಕೆ, ಕಲ್ಪನೆಯದ್ದು ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಕಲ್ಪನೆಯ ರೈಲ್ವೆಗೆ ನಷ್ಟವೇ ಆಗುವುದಿಲ್ಲ. ನಾಳೆ ಇನ್ನೊಂದು ಸೇತುವೆ, ನಾಡಿದ್ದು ಇನ್ನೊಂದು ಇಂಜಿನ್ ಎಂದು ಬೆಳೆಯುತ್ತಲೇ ಹೋಗುತ್ತದೆ, ನಮ್ಮ ಜೇಬು ಬೆಳೆಯುವುದಿಲ್ಲ. ಹೊರದೇಶದ ಒಂದು ಇಂಜಿನ್‌ಗೇ ಸಾವಿರಾರು ರೂಪಾಯಿ ಬೇಕು. ಅಬ್ಬಾನ ಮುಂದೆ ಆ ಮಾತು ಒಂದು ಸಲ ಎತ್ತಬಹುದು, ಪ್ರತಿ ತಿಂಗಳು ಎತ್ತಲಾಗುವುದಿಲ್ಲ. ಎರಡೇ ಇಂಜಿನ್ ಇದ್ದ ಕಂಪನಿಯನ್ನು ಆರಿಸಿದರೆ ಮೂರನೆಯದನ್ನು ಕೇಳುವ ಪ್ರಶ್ನೆಯೇ ಇಲ್ಲ.

ಕಾರ್ಖಾನೆಗಳಿಗೆ ರಟ್ಟು ಸಾಕು. ಒಂದು ಜಂಕ್ಷನ್, ನಾಲ್ಕು ಸೈಡಿಂಗ್, ನಾಲ್ಕು ಗಿರಾಕಿ ಎಂದು ನಾನು ನಕ್ಷೆ ಹಾಕಿಟ್ಟಿದ್ದೇನೆ. ಟೇಬಲ್ಲಿನ ಅರ್ಧ ಭಾಗ ರಾತ್ರಿ ಊಟಕ್ಕೆ ಖಾಲಿ ಇರಬೇಕೆಂಬ ಅಮ್ಮಿಯ ಷರತ್ತಿಗೂ ಅದರಲ್ಲಿ ಜಾಗವಿದೆ. ಮನೆಯಲ್ಲಿ ಹಳೆಯ ಶೂ ಡಬ್ಬಿ ಇರುವವರು ದಯವಿಟ್ಟು ಎಸೆಯಬೇಡಿ, ಸೆಕೆಂಡ್ ಪಿಯು ಕಾಮರ್ಸ್ ಕ್ಲಾಸಿಗೆ ತಂದು ಕೊಡಿ.