ಮಾತಿನ ಊರಿನ ಸ್ವರಾಜ್ಯ

ಅಧಿಕಾರವನ್ನು ಬಿಟ್ಟುಬಿಡುವುದೇ ಸ್ವರಾಜ್ಯವನ್ನು ಕೊಡುವುದೆಂದು ತಿಳಿದವರು ಲೋಕದಲ್ಲಿ ಅನೇಕರಿದ್ದಾರೆ. ಆಳುವವನು ಬದಿಗೆ ಸರಿದು ನಿಂತರೆ ಸಾಕು, ಜನರು ತಮ್ಮನ್ನು ತಾವೇ ಆಳಿಕೊಳ್ಳುವರೆಂಬ ಈ ನಂಬಿಕೆಯು ಕೇಳುವುದಕ್ಕೆ ಉದಾರವಾಗಿದೆ. ಆದರೆ ಅನುಭವದ ಒರೆಗಲ್ಲಿಗೆ ಹಚ್ಚಿದಾಗ ಅದರ ಬಣ್ಣವು ನಿಲ್ಲುವುದಿಲ್ಲ. ಅಮೇರಿಕದಲ್ಲಿ ಹುಟ್ಟಿದ ಒಂದು ಆಟದ ಕೂಟದಲ್ಲಿ ಈ ನಂಬಿಕೆಯ ಪರೀಕ್ಷೆಯು 1992ರಿಂದ 1996ರ ವರೆಗೆ ಸಾಂಗವಾಗಿ ನಡೆಯಿತು. ಅಂತರ್ಜಾಲದಲ್ಲಿ ಕೂಟಗಳನ್ನು ಕಟ್ಟಿ ನಡೆಯಿಸುವವರು ಇಂದು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇರುವುದರಿಂದ, ಆ ಪರೀಕ್ಷೆಯ ಫಲವನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಬರಹದಿಂದಲೇ ಆಡುವ ಪಾತ್ರದಾಟವೆಂದರೇನೆಂದು ಕೆಲವರು ಕೇಳಬಹುದು. ತಾಳಮದ್ದಳೆಯನ್ನು ಕೇಳಿದವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಯು ಕುಳಿತಲ್ಲಿಯೇ ಕರ್ಣನಾಗುತ್ತಾನೆ, ಎದುರಿನವನು ಕೃಷ್ಣನಾಗುತ್ತಾನೆ, ಮೊದಲೇ ಬರೆದಿಟ್ಟ ಸಂಭಾಷಣೆಯಿಲ್ಲದೆ ಬರಿಯ ಮಾತಿನಿಂದಲೇ ಕುರುಕ್ಷೇತ್ರವು ಎದ್ದು ನಿಲ್ಲುತ್ತದೆ. ಈ ಆಟವೂ ಅಂಥದೇ. ಭೇದವಿಷ್ಟೇ: ಇಲ್ಲಿ ಮಾತನ್ನು ಬಾಯಿಂದ ಆಡದೆ ಕಂಪ್ಯೂಟರಿನ ಕೀಲಿಮಣೆಯಿಂದ ಬರೆಯುತ್ತಾರೆ; ಆಡುವವರು ಒಂದೇ ಚಾವಡಿಯಲ್ಲಿ ಕುಳಿತಿರದೆ ಬೇರೆ ಬೇರೆ ಊರು, ಬೇರೆ ಬೇರೆ ದೇಶಗಳಲ್ಲಿರುತ್ತಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು 1978ರಲ್ಲಿ ಇಂಥ ಮೊದಲ ಆಟಗಳಲ್ಲೊಂದನ್ನು ಆರಂಭಿಸಿದನು. ರಿಚರ್ಡ್ ಬಾರ್ಟಲ್ ಎಂಬವನು ಅದನ್ನು ಬೆಳೆಸಿದನು. ಅದೇ ವಂಶದಲ್ಲಿ ಹುಟ್ಟಿದುದು ನಾವು ಹೇಳಹೊರಟ ‘ಲ್ಯಾಂಬ್ಡಾಮೂ’ ಎಂಬ ಊರು.

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಆಗ ಇದ್ದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಪಾವೆಲ್ ಕರ್ಟಿಸ್ ಎಂಬ ವಿದ್ವಾಂಸರು 1990ರಲ್ಲಿ ಇದನ್ನು ಸ್ಥಾಪಿಸಿದರು. ತಮ್ಮ ಸ್ವಂತ ಮನೆಯನ್ನೇ ಮಾದರಿಯಾಗಿಟ್ಟುಕೊಂಡು ಅವರು ಮಾತಿನಿಂದ ಒಂದು ಮನೆಯನ್ನು ಕಟ್ಟಿದರು. ಬಂದವನು ಮೊದಲು ಅಂಗಿಗಳನ್ನು ತೂಗುಹಾಕುವ ಒಂದು ಕತ್ತಲೆಯ ಕಿರುಕೋಣೆಯಲ್ಲಿ ಕಣ್ಣುಬಿಡುವನು. ಬಾಗಿಲು ತೆರೆದರೆ ನಡುಮನೆ. ಅಲ್ಲಿ ಹತ್ತಾರು ಜನರ ಹರಟೆ. ಯಾರು ಬೇಕಾದರೂ ತಮಗೆ ಬೇಕಾದ ಹೆಸರು, ರೂಪ, ಲಿಂಗಗಳನ್ನು ತಳೆದು ಅಲ್ಲಿ ವಾಸಿಸಬಹುದಾಗಿದ್ದಿತು. ಹೊಸ ಕೋಣೆಗಳನ್ನೂ ವಸ್ತುಗಳನ್ನೂ ತಾವೇ ರಚಿಸಬಹುದಾಗಿದ್ದಿತು. ಆದರೆ ಯಂತ್ರದ ಮೂಲ ಕೀಲಿಯು ಕೆಲವರ ಕೈಯಲ್ಲಿ ಮಾತ್ರ ಇದ್ದಿತು. ಅವರಿಗೆ ಅಲ್ಲಿ ‘ಮಾಂತ್ರಿಕರು’ ಎಂದು ಹೆಸರು. ಆ ಊರಿನಲ್ಲಿ ಅವರು ಅಳಿಸಲಾರದ ವಸ್ತುವಿಲ್ಲ, ಹೊರಗೆ ಹಾಕಲಾರದ ಮನುಷ್ಯನಿಲ್ಲ.

ಮೊದಮೊದಲು ಈ ಮಾಂತ್ರಿಕರೇ ಜಗಳಗಳನ್ನು ಬಗೆಹರಿಸುತ್ತಿದ್ದರು. ಊರು ಬೆಳೆದಂತೆ ತಂಟೆಗಳೂ ಬೆಳೆದವು. ದಿನವೂ ಬರುವ ದೂರುಗಳಿಂದ ಅವರು ಬೇಸತ್ತರು. 1992ರ ಡಿಸೆಂಬರದಲ್ಲಿ ಕರ್ಟಿಸ್ ಅವರು ಒಂದು ಪ್ರಕಟನೆಯನ್ನು ಹೊರಡಿಸಿದರು. ಇನ್ನು ಮುಂದೆ ಮಾಂತ್ರಿಕರು ಯಂತ್ರವನ್ನು ಕಾಯುವ ಕುಶಲಕರ್ಮಿಗಳು ಮಾತ್ರ. ಊರಿನ ನಡೆನುಡಿಗಳ ನ್ಯಾಯಾನ್ಯಾಯವನ್ನು ಊರಿನವರೇ ನೋಡಿಕೊಳ್ಳತಕ್ಕದ್ದು ಎಂಬುದು ಅದರ ಸಾರಾಂಶ. ಸದುದ್ದೇಶದ ಮಾತೇ ಸರಿ. ಆದರೆ ಊರಿನವರು ನ್ಯಾಯವನ್ನು ಎಲ್ಲಿ ನೋಡಬೇಕು, ಹೇಗೆ ನೋಡಬೇಕು, ಯಾವ ನಿಬಂಧನೆಯ ಮೇರೆಗೆ ನೋಡಬೇಕೆಂಬ ವ್ಯವಸ್ಥೆಯೊಂದೂ ಆಗ ಸಿದ್ಧವಾಗಿರಲಿಲ್ಲ. ಅರಸನು ಸಿಂಹಾಸನದಿಂದ ಇಳಿದನು. ಸಭೆಯು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಇದರ ಫಲವು ಮೂರು ತಿಂಗಳಲ್ಲಿಯೇ ಕಾಣಿಸಿತು. 1993ರ ಮಾರ್ಚಿನ ಒಂದು ರಾತ್ರಿ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನವನೊಬ್ಬನು ನಡುಮನೆಗೆ ಬಂದು, ಮಾಟದ ಬೊಂಬೆಯೆಂಬ ಒಂದು ಸಾಧನದಿಂದ ಇತರರ ಪಾತ್ರಗಳನ್ನು ವಶಪಡಿಸಿಕೊಂಡನು. ಆ ಪಾತ್ರಗಳ ಒಡೆಯರು ಬರೆಯದಿದ್ದ ವಾಕ್ಯಗಳು ಅವರವರ ಹೆಸರಿನಲ್ಲಿಯೇ ಎಲ್ಲರ ಕಣ್ಣಿಗೆ ಬೀಳತೊಡಗಿದವು. ಆ ವಾಕ್ಯಗಳಲ್ಲಿದ್ದುದು ಬಲಾತ್ಕಾರ ಮತ್ತು ಕ್ರೌರ್ಯಗಳ ವರ್ಣನೆ. ಅದನ್ನು ಇಲ್ಲಿ ವಿವರಿಸುವುದು ಸಭ್ಯತೆಯಲ್ಲ. ಹಳೆಯ ಸದಸ್ಯನೊಬ್ಬನು ಬಂದು ಅವನನ್ನು ಒಂದು ಮಾಯದ ಪಂಜರದಲ್ಲಿ ಕೂಡಿಹಾಕುವ ವರೆಗೆ ಇದು ನಡೆಯಿತು. ಪೀಡಿತರಲ್ಲೊಬ್ಬರಾದ, ಸಿಯಾಟಲ್ ನಗರದ ಮಹಿಳೆಯೊಬ್ಬರು ಮರುದಿನ ಊರಿನ ಚರ್ಚಾಪತ್ರದಲ್ಲಿ ದೂರನ್ನು ಬರೆದರು. ಬರೆಯುವಾಗ ತಮ್ಮ ಕಣ್ಣಲ್ಲಿ ನೀರು ಹರಿಯುತ್ತಿದ್ದಿತೆಂದು ಅವರು ಆಮೇಲೆ ಪತ್ರಕರ್ತ ಜೂಲಿಯನ್ ಡಿಬೆಲ್ ಅವರಿಗೆ ತಿಳಿಸಿದರು. ಡಿಬೆಲ್ ಅವರ ಲೇಖನವು ಅದೇ ವರ್ಷದ ಡಿಸೆಂಬರದಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಪ್ರಕಟವಾದುದರಿಂದ ಈ ಸಂಗತಿಯು ಹೊರಲೋಕಕ್ಕೆ ತಿಳಿಯಿತು.

‘ಬರಿಯ ಅಕ್ಷರಗಳು, ಇದಕ್ಕೆ ಇಷ್ಟೇಕೆ ಗದ್ದಲ?’ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರಿಗೆ ನಮ್ಮ ತಾಳಮದ್ದಳೆಯ ಕೂಟವೇ ಉತ್ತರವನ್ನು ಹೇಳುತ್ತದೆ. ಅಲ್ಲಿ ಕೌರವನು ಭೀಮನನ್ನು ಎಷ್ಟು ಜರೆದರೂ ಯಾರೂ ಮುನಿಯುವುದಿಲ್ಲ. ಏಕೆಂದರೆ ಪ್ರತ್ಯುತ್ತರವು ಭೀಮನ ಅರ್ಥಧಾರಿಯ ನಾಲಿಗೆಯಲ್ಲಿಯೇ ಇದೆ. ಆದರೆ ಕೌರವನ ಅರ್ಥವನ್ನು ಹೇಳುವವನು ಭೀಮನ ಅರ್ಥವನ್ನೂ ತಾನೇ ಹೇಳಿ, ಅವನ ಬಾಯಿಂದಲೇ ಅವನ ಮಾನವನ್ನು ಕಳೆಯಹೊರಟರೆ ಕೂಟವು ಅಲ್ಲಿಗೆ ಮುಗಿಯಿತು. ಮಾತಿನ ಊರಿನಲ್ಲಿ ಮನುಷ್ಯನಿಗಿರುವ ಆಸ್ತಿಯು ಅವನ ಮಾತೊಂದೇ. ಅದನ್ನು ಅಪಹರಿಸುವುದು ಮಿಕ್ಕೆಲ್ಲವನ್ನೂ ಅಪಹರಿಸಿದಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಬಲ್ಲ ಜನರಾದ ನಾವು ಇದನ್ನು ಅಲ್ಲಗಳೆಯಲಾರೆವು.

ಊರಿನವರು ಸಭೆ ಸೇರಿದರು. ಸುಮಾರು 30 ಜನರಿದ್ದ ಆ ಸಭೆಯಲ್ಲಿ ನಾಲ್ಕು ಮತಗಳು ಕೇಳಿಬಂದವು. ಬರೆದಿಟ್ಟ ಕಾಯಿದೆಯಿಲ್ಲದೆ ಶಿಕ್ಷೆಯನ್ನು ವಿಧಿಸಲಾಗದು, ಮೊದಲು ಕಾಯಿದೆಯನ್ನು ಮಾಡೋಣ ಎಂದರು ಕೆಲವರು. ಮಾಂತ್ರಿಕರೇ ಮರಳಿ ಆಳಲಿ ಎಂದರು ಕೆಲವರು. ಬೇಡದವನ ಮಾತು ತನಗೆ ಕಾಣದಂತೆ ಪ್ರತಿಯೊಬ್ಬನೂ ಮರೆಮಾಡಿಕೊಳ್ಳುವ ಸೌಕರ್ಯವಿರುವಾಗ ಶಿಕ್ಷೆಯೇಕೆ ಎಂದರು ಮತ್ತೆ ಕೆಲವರು. ಆಳಿಕೆಯೆಂಬುದೇ ಬೇಡವೆಂದರು ಉಳಿದವರು. ಮೂರನೆಯವರ ಮಾತು ಇಂದಿಗೂ ಎಲ್ಲ ಕಡೆಗೂ ಕೇಳಿಬರುತ್ತಿರುವುದರಿಂದ ಅದಕ್ಕೊಂದು ಉತ್ತರವು ಅವಶ್ಯವಾಗಿದೆ. ಪೀಡಿತನು ತನ್ನ ಕಣ್ಣನ್ನು ಮುಚ್ಚಿಕೊಂಡರೆ ಅವಮಾನವು ನಿಲ್ಲುವುದಿಲ್ಲ. ನೆರೆದವರೆಲ್ಲರೂ ಅದನ್ನು ನೋಡುತ್ತಲೇ ಇರುತ್ತಾರೆ, ಅವನೊಬ್ಬನಿಗೆ ಮಾತ್ರ ಅದು ಕಾಣುವುದಿಲ್ಲ. ಇದು ರಕ್ಷಣೆಯಲ್ಲ.

ಆರೋಪಿಯೂ ಆ ಸಭೆಗೆ ಬಂದು, ಏನೊಂದೂ ಪಶ್ಚಾತ್ತಾಪವಿಲ್ಲದ ನಾಲ್ಕು ಮಾತನಾಡಿ ಹೊರಟುಹೋದನು. ಸಭೆಯು ನಿರ್ಣಯವಿಲ್ಲದೆ ಚದರಿತು. ಆಮೇಲೆ ಜೋಫೀಡ್‌ಬ್ಯಾಕ್ ಎಂಬ ಹೆಸರಿನ ಮಾಂತ್ರಿಕನೊಬ್ಬನು ತಾನೊಬ್ಬನೇ ಕುಳಿತು ಯೋಚಿಸಿ, ಬಂಗಲನ ಪಾತ್ರವನ್ನು ಅಳಿಸಿಹಾಕಿದನು. ಇದಕ್ಕೆ ಅಲ್ಲಿ ‘ಕಪ್ಪೆಯಾಗಿಸುವುದು’ ಎಂದು ಹೆಸರು. ಹಳೆಯ ಆಟಗಳಲ್ಲಿ ಅಪರಾಧಿಯನ್ನು ಕಪ್ಪೆಯ ರೂಪಕ್ಕೆ ತರುತ್ತಿದ್ದ ಶಿಕ್ಷೆಯಿಂದ ಬಂದ ಮಾತು. ಶಿಕ್ಷೆಯು ಅಪರಾಧಕ್ಕೆ ತಕ್ಕುದಾಗಿದ್ದಿತೆಂದು ನಾವೂ ಭಾವಿಸುತ್ತೇವೆ. ಆದರೆ ಅದನ್ನು ಕೊಟ್ಟ ಕ್ರಮವನ್ನು ನೋಡಿರಿ: ಕಾಯಿದೆಯಿಲ್ಲ, ಬಹುಮತವಿಲ್ಲ, ಮೇಲ್ಮನವಿಯಿಲ್ಲ, ಇದ್ದುದು ಒಬ್ಬ ಸತ್ಪುರುಷನ ಅಂತಃಕರಣ ಮಾತ್ರ. ಆ ದಿನ ಮಾಂತ್ರಿಕನು ಸಜ್ಜನನಾಗಿದ್ದುದು ಊರಿನ ಪುಣ್ಯ. ಬೇಲಿಯೇ ಎದ್ದು ಹೊಲವನ್ನು ಮೇಯ್ದಿದ್ದರೆ ತಡೆಯುವವರಾರು? ಇಷ್ಟಾದರೂ ಬಂಗಲನು ಕೆಲಕಾಲದಲ್ಲಿಯೇ ಬೇರೊಂದು ಹೆಸರನ್ನು ಧರಿಸಿ ಊರಿಗೆ ಮರಳಿದನೆಂಬುದನ್ನು ನೆನೆದರೆ, ವ್ಯವಸ್ಥೆಯಿಲ್ಲದ ದಂಡವು ಎಷ್ಟು ದುರ್ಬಲವೆಂಬುದೂ ತಿಳಿಯುತ್ತದೆ.

ಪರಸ್ಥಳಕ್ಕೆ ಹೋಗಿದ್ದ ಕರ್ಟಿಸ್ ಅವರು ಹಿಂದಿರುಗಿ, ನಡೆದುದನ್ನು ಕೇಳಿ, ತಮ್ಮ ತಪ್ಪನ್ನು ತಿದ್ದಲು ಹೊರಟರು. ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ಇದು ತಡವಾಯಿತೆಂಬುದು ನಿಜ. ಆದರೂ ಬಾಗಿಲು ಒಳ್ಳೆಯದೇ ಆಗಿದ್ದಿತು. ಯಾವ ನಿವಾಸಿಯಾದರೂ ಒಂದು ಮನವಿಯನ್ನು ಬರೆಯಬಹುದು. ಸಾಕಷ್ಟು ಜನರು ಅದಕ್ಕೆ ರುಜು ಹಾಕಿದರೆ ಅದು ಮತಕ್ಕೆ ಬರುವುದು. ವಿರೋಧಕ್ಕಿಂತ ಇಮ್ಮಡಿ ಮತಗಳು ಬಿದ್ದರೆ ಮಾಂತ್ರಿಕರು ಅದನ್ನು ನಡೆಯಿಸಿಕೊಡಬೇಕು. ಈ ಮಾರ್ಗದಿಂದಲೇ ವ್ಯಾಜ್ಯಗಳನ್ನು ತೀರಿಸಲು ಸ್ವಯಂಸೇವಕ ಪಂಚರ ಪದ್ಧತಿಯೂ ಬಂದಿತು. ಕಾಗದದ ಮೇಲೆ ನೋಡಿದರೆ ಇದು ಸಂಪೂರ್ಣ ಪ್ರಜಾಪ್ರಭುತ್ವ. ಆದರೂ ಮನವಿಯು ಮತಕ್ಕೆ ಬರತಕ್ಕದ್ದೋ ಅಲ್ಲವೋ ಎಂದು ಪರಿಶೀಲಿಸುವವರು ಮಾಂತ್ರಿಕರೇ. ಮತವು ಬಿದ್ದ ಮೇಲೆ ಅದನ್ನು ಯಂತ್ರದೊಳಗೆ ಇಳಿಸುವವರೂ ಅವರೇ. ಇತ್ತ ಜನರಿಗೆ ವಾದದ ರುಚಿ ಹತ್ತಿತು. ಆಟವಾಡಲು ಬಂದವರು ವ್ಯಾಜ್ಯದ ಕಟ್ಟೆಯಲ್ಲಿ ದಿನಗಳೆಯುವಂತಾಯಿತು.

ಕಡೆಗೆ 1996ರ ಮೇ ತಿಂಗಳಲ್ಲಿ ಮಾಂತ್ರಿಕರು ಮತ್ತೊಂದು ಪ್ರಕಟನೆಯನ್ನು ಹೊರಡಿಸಿ, ಮೊದಲನೆಯದನ್ನು ಹಿಂದಕ್ಕೆ ತೆಗೆದುಕೊಂಡರು. ಕೇವಲ ಯಂತ್ರದ ಕೆಲಸ, ಕೇವಲ ಊರಿನ ಕೆಲಸ ಎಂದು ಗೆರೆಯೆಳೆಯುವುದು ಸಾಧ್ಯವೇ ಆಗಲಿಲ್ಲ. ಹೆಜ್ಜೆಹೆಜ್ಜೆಗೂ ತಾವು ನ್ಯಾಯಾನ್ಯಾಯದ ನಿರ್ಣಯಗಳನ್ನು ಮಾಡಲೇಬೇಕಾಯಿತು ಎಂಬುದು ಅವರ ಒಪ್ಪಿಗೆ. ಇದನ್ನು ಓದಿ, ಜನರು ಸ್ವರಾಜ್ಯಕ್ಕೆ ಅನರ್ಹರೆಂದು ತೋರಿತೆಂದು ಹಿಗ್ಗುವವರಿದ್ದಾರೆ. ನಮ್ಮ ನಾಡಿನ ವಿಷಯದಲ್ಲಿಯೂ ಈ ರಾಗವನ್ನು ಪರರು ಬಹುಕಾಲ ಹಾಡಿದ್ದುಂಟು. ಅದು ಶುದ್ಧ ತಪ್ಪು. ಸೋತವರು ಊರಿನ ಜನರಲ್ಲ. ಸೋತುದು, ಇರುವ ಅಧಿಕಾರವನ್ನು ಇಲ್ಲವೆಂದು ಹೇಳಿದ ಮಾತು.

ನಮ್ಮ ಚರಿತ್ರೆಯಿಂದಲೇ ಇದನ್ನು ತಿಳಿಯಬಹುದು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಹುಟ್ಟಿತು. ಅಹವಾಲುಗಳನ್ನು ಹೇಳಿಕೊಳ್ಳಲು ಅಲ್ಲಿ ಅವಕಾಶವಿದ್ದಿತು. ಸರಕಾರವನ್ನು ನಡೆಯಿಸುವ ಕೈ ಬೇರೆಯೇ ಇದ್ದಿತು. ಆ ಕೈಯು ಜನರಿಗೆ ಉತ್ತರವಾದಿಯಾಗಬೇಕೆಂದು ಹೋರಾಡಿ, 1947ರಲ್ಲಿ ಜವಾಬ್ದಾರಿ ಸರಕಾರವನ್ನು ಪಡೆದೆವು. ಅಧಿಕಾರವು ಮಾಯವಾಗಲಿ ಎಂದು ನಾವು ಕೇಳಲಿಲ್ಲ. ಅಧಿಕಾರವು ಇರಲಿ, ಕಾಣುವಂತಿರಲಿ, ಕೇಳಿದರೆ ಉತ್ತರವನ್ನು ಕೊಡುವಂತಿರಲಿ ಎಂದು ಕೇಳಿದೆವು. ಮಾತಿನ ಊರಿಗೂ ಬೇಕಾದುದು ಇದೇ.

ನಮ್ಮಲ್ಲಿ ‘ಅಡ್ಮಿನ್’ ಎಂದು ಕರೆಯಲ್ಪಡುವ ನಿರ್ವಾಹಕರು ಈ ದೃಷ್ಟಿಯಿಂದ ತಮ್ಮ ಸ್ಥಾನವನ್ನು ನೋಡಿಕೊಳ್ಳಬೇಕು. ಅವರಲ್ಲಿ ಬಹುಜನರು ಸಂಬಳವಿಲ್ಲದೆ, ಉದ್ಯೋಗವನ್ನು ಮುಗಿಸಿ ಬಂದು, ರಾತ್ರಿಯ ವಿರಾಮದಲ್ಲಿ ಈ ಕೆಲಸವನ್ನು ಮಾಡತಕ್ಕವರು. ಅವರ ಶ್ರಮವನ್ನು ಲಘುವಾಗಿ ಕಾಣಲಾಗದು. ಆದರೆ ‘ನಾನು ಕೇವಲ ಕೀಲಿಯನ್ನು ಕಾಯುವವನು’ ಎಂಬ ವಿನಯವು ಅವರಿಗೆ ಸಲ್ಲದು. ಕೀಲಿಯಿದ್ದವನು ಬಾಗಿಲನ್ನು ತೆರೆದರೂ ನಿರ್ಣಯ, ತೆರೆಯದಿದ್ದರೂ ನಿರ್ಣಯ. ಸರಕಾರದ ಕಾಯಿದೆಯು ತಮ್ಮ ಪರವಾಗಿ ಎಲ್ಲವನ್ನೂ ನೋಡಿಕೊಳ್ಳುವುದೆಂಬ ಭರವಸೆಯೂ ಸಾಲದು. ಭಾರತ ಸರಕಾರದ 2021ರ ನಿಯಮಗಳು ಅಂತರ್ಜಾಲದ ಮಧ್ಯವರ್ತಿಗಳು ದೂರನ್ನು ಕೇಳುವ ಅಧಿಕಾರಿಯನ್ನಿಡಬೇಕೆಂದು ವಿಧಿಸಿದವು. 2022ರ ತಿದ್ದುಪಡಿಯು ಮೇಲ್ಮನವಿಯ ಸಮಿತಿಗಳಿಗೆ ಎಡೆಮಾಡಿತು. ಇವು ಸ್ವಾಗತಾರ್ಹವೇ. ಆದರೆ ಐವತ್ತು ಜನರು ಸೇರಿ ಕಥೆಯಾಡುವ ಒಂದು ಕೂಟದಲ್ಲಿ ಯಾರ ಪಾತ್ರವನ್ನು ಯಾರು ಮುಟ್ಟಬಾರದೆಂಬ ಮರ್ಯಾದೆಯನ್ನು ದಿಲ್ಲಿಯಿಂದ ಬರೆದು ಕಳಿಸಲಾಗುವುದಿಲ್ಲ. ಅದನ್ನು ಕೂಟವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳುವುದೇನೂ ದೊಡ್ಡ ಸಂವಿಧಾನವಲ್ಲ. ನಿಬಂಧನೆಗಳು ಹೆಚ್ಚಾದರೆ ಆಟವು ಸಾಯುವುದೆಂಬುದನ್ನೂ ಆ ಊರೇ ಕಲಿಸಿದೆ. ಒಪ್ಪಿಗೆಯಿಲ್ಲದೆ ಪರರ ಪಾತ್ರವನ್ನು ನಡೆಯಿಸಬಾರದೆಂಬ ನಿಯಮವು ಮೊದಲ ದಿನವೇ, ಜಗಳಕ್ಕೆ ಮುಂಚೆ, ಬರೆದಿರಬೇಕು. ಹೊರಗೆ ಹಾಕುವ ನಿರ್ಣಯವನ್ನು ಒಬ್ಬನೇ ಮಾಡಬಾರದು. ಕಡೆಯ ಪಕ್ಷ ಇಬ್ಬರು ಕೂಡಿ, ಆರೋಪಿಯ ಮಾತನ್ನೂ ಕೇಳಿ, ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು, ಎಲ್ಲರೂ ಓದುವಂತೆ ಇಡಬೇಕು. ನೊಂದವನು ತನ್ನ ನೋವನ್ನು ಹತ್ತು ಜನರ ಮುಂದೆ ಹತ್ತು ಸಲ ರುಜುವಾತುಪಡಿಸುವ ಹಿಂಸೆಯಿರಬಾರದು. ನಿರ್ವಾಹಕನ ಮೇಲೆಯೇ ದೂರು ಬಂದರೆ ಅದನ್ನು ಕೇಳುವವನು ಬೇರೆಯಾಗಿರಬೇಕು. ಕೆಲಸವು ಸರದಿಯಿಂದ ನಡೆದರೆ ದಣಿದವರಿಗೆ ವಿಶ್ರಾಂತಿಯೂ ಹೊಸಬರಿಗೆ ಶಿಕ್ಷಣವೂ ದೊರೆಯುವುದು. ತಾಳಮದ್ದಳೆಯಲ್ಲಿ ಭಾಗವತನು ಅರ್ಥಧಾರಿಗಳ ವಾದದ ನಡುವೆ ತಾನು ಬಾಯಿಹಾಕುವುದಿಲ್ಲ. ವಾದವು ಹದ ತಪ್ಪಿತೆಂದರೆ ಮುಂದಿನ ಪದವನ್ನು ಎತ್ತಿಕೊಳ್ಳುತ್ತಾನೆ, ಪ್ರಸಂಗವು ಮುಂದುವರಿಯುತ್ತದೆ. ಅವನ ಅಧಿಕಾರವು ಎಲ್ಲರಿಗೂ ಗೊತ್ತು, ಅದರ ಎಲ್ಲೆಯೂ ಗೊತ್ತು. ಆದುದರಿಂದಲೇ ಅವನ ಮೇಲೆ ಯಾರಿಗೂ ಅಸಮಾಧಾನವಿಲ್ಲ.

ಆಟದ ವಿಷಯಕ್ಕೆ ಇಷ್ಟು ಗಂಭೀರವಾದ ವಿಚಾರವೇಕೆಂದು ಓದುಗರಲ್ಲಿ ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಆದರೆ ನಮ್ಮ ತರುಣರು ಸಾರ್ವಜನಿಕ ಜೀವನದ ಮೊದಲ ಪಾಠವನ್ನು ಇಂದು ಪುರಸಭೆಯಲ್ಲಿ ಕಲಿಯುವುದಿಲ್ಲ, ಇಂಥ ಕೂಟಗಳಲ್ಲಿ ಕಲಿಯುತ್ತಾರೆ. ಬಲ್ಲವನು ಮೌನವಾಗಿರುವುದನ್ನೂ ಬಲವುಳ್ಳವನು ಕಾರಣವನ್ನು ಹೇಳದೆ ದಂಡಿಸುವುದನ್ನೂ ಅಲ್ಲಿ ಕಂಡವರು ನಾಳೆ ಕಚೇರಿಯಲ್ಲಿ, ಸಭೆಯಲ್ಲಿ, ಸರಕಾರದಲ್ಲಿ ಅದನ್ನೇ ನಿರೀಕ್ಷಿಸುವರು, ಅದನ್ನೇ ನಡೆಯಿಸುವರು. ಕಾರಣವನ್ನು ಕೇಳುವ ಹಕ್ಕನ್ನೂ ಕಾರಣವನ್ನು ಹೇಳುವ ಹೊಣೆಯನ್ನೂ ಆಟದಲ್ಲಿಯೇ ಅಭ್ಯಾಸ ಮಾಡಿದವರಿಗೆ ನಿಜವಾದ ರಾಜ್ಯವು ಹೊಸದಾಗಿ ತೋರುವುದಿಲ್ಲ. ಕೀಲಿಯನ್ನು ಹಿಡಿದವರು ಅದನ್ನು ಎಲ್ಲರ ಕಣ್ಣೆದುರಿಗೆ ಹಿಡಿಯಲಿ. ಉಳಿದುದನ್ನು ಜನರು ಕಲಿಯುವರು.