ಎವರೇಜ್ ಕೇಳುವ ಮೊದಲು ಲೆಕ್ಕ ಬರೆಯೋಣ



ಪೆಟ್ರೋಲ್ ದರ ಏರಿದಾಗಲೆಲ್ಲ ನಮ್ಮ ಬೇಮಳಖೇಡದಲ್ಲಿಯೂ ಹುಮನಾಬಾದ್, ಬಸವಕಲ್ಯಾಣಗಳಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ: “ನಿಮ್ಮ ಗಾಡಿ ಎವರೇಜ್ ಎಷ್ಟ್ ಕೊಡ್ತದರಿ?” ಮರುದಿನವೇ ಹಳೆ ಗಾಡಿ ಮಾರಿ ಹೊಸದು ತರುವ ಮಾತು ಶುರುವಾಗುತ್ತದೆ. 2021ರ ಜೂನ್‌ನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿದಾಗ ಹೀಗಾಯಿತು. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಾದಾಗಲೂ ಹೀಗೆಯೇ ಆಯಿತು. ನಮ್ಮ ದೇಶ ಕಚ್ಚಾ ತೈಲದ ನೂರರಲ್ಲಿ 85 ಪಾಲಿಗಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಆದ್ದರಿಂದ ಇದು ಮತ್ತೆ ಮತ್ತೆ ಬರುವ ಪ್ರಶ್ನೆ. ಇಂಜಿನಿಯರ್ ಆಗಿ ಸರಕಾರಿ ಸೇವೆ ಮಾಡಿ ನಿವೃತ್ತನಾದ ನಾನು ಇದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬಯಸುತ್ತೇನೆ.

ಮೊದಲು ಬೈಕಿನ ಲೆಕ್ಕ. ಗಣಿತ ಸುಲಭವಾಗಲೆಂದು ಪೆಟ್ರೋಲ್ 100 ರೂಪಾಯಿ ಎಂದು ಹಿಡಿಯೋಣ. ಹಳೆ ಬೈಕು ಲೀಟರಿಗೆ 40 ಕಿ.ಮೀ. ಕೊಡುತ್ತದೆ, ತಿಂಗಳಿಗೆ 600 ಕಿ.ಮೀ. ಓಡುತ್ತದೆ ಎಂದರೆ 15 ಲೀಟರ್ ಬೇಕು. 60 ಕಿ.ಮೀ. ಕೊಡುವ ಹೊಸದಕ್ಕೆ 10 ಲೀಟರ್ ಸಾಕು. ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ ಉಳಿಯಿತು. ಆದರೆ ಹಳೆಯದನ್ನು ಮಾರಿ ಬಂದ ಹಣ ಕಳೆದರೂ ಕೈಯಿಂದ 60,000 ರೂಪಾಯಿ ಹಾಕಬೇಕು ಎಂದಿಟ್ಟುಕೊಳ್ಳಿ. ಅದನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 6,000. ಪೆಟ್ರೋಲ್ ಬಂಕಿನವನಿಗೆ ಕೊಡುತ್ತಿದ್ದುದನ್ನು ಬ್ಯಾಂಕಿನವನಿಗೆ ಕೊಟ್ಟಂತಾಯಿತು. ಕಡಿಮೆ ಓಡುವ ಗಾಡಿಯನ್ನು ಎವರೇಜ್ ಒಂದರ ಸಲುವಾಗಿ ಬದಲಿಸುವುದು ಲಾಭದ ಮಾತಲ್ಲ.

ಅಂಥವರು ಇದ್ದ ಗಾಡಿಯನ್ನೇ ನೆಟ್ಟಗೆ ಇಟ್ಟುಕೊಳ್ಳಲಿ. ವಾರಕ್ಕೊಮ್ಮೆ ಗಾಲಿಯ ಹವಾ ನೋಡಬೇಕು. ನಮ್ಮ ಧೂಳಿನ ದಾರಿಗಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಶುಚಿ ಮಾಡಿಸಬೇಕು. ಚೈನಿಗೆ ಎಣ್ಣೆ ಬಿಡಬೇಕು. ಕ್ಲಚ್ ಮೇಲೆ ಕೈ ಇಟ್ಟುಕೊಂಡೇ ಓಡಿಸಬಾರದು. 45ರಿಂದ 55ರ ವೇಗದಲ್ಲಿ ಹೋದರೆ ಎಣ್ಣೆ ಕಡಿಮೆ ಕುಡಿಯುತ್ತದೆ, ಜೀವಕ್ಕೂ ಕ್ಷೇಮ. ಈಗ ಬರುವ ಪೆಟ್ರೋಲ್‌ನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇದೆ. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಎವರೇಜ್ ತುಸು ಇಳಿದರೆ ಗಾಡಿ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಹಾಗಾದರೆ ಬದಲಿಸಬೇಕಾದ ಗಾಡಿ ಯಾವುದು? ಇಲ್ಲಿ ಎವರೇಜ್ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. 40ರಿಂದ 60ಕ್ಕೆ ಏರಿದರೆ 20 ಹೆಚ್ಚಾಯಿತು, 10ರಿಂದ 15ಕ್ಕೆ ಏರಿದರೆ ಬರೀ 5 ಎನ್ನುತ್ತೇವೆ. ಲೀಟರ್ ಲೆಕ್ಕ ಹಾಕಿ ನೋಡಿ. ಸಾವಿರ ಕಿ.ಮೀ.ಗೆ 40 ಕೊಡುವ ಗಾಡಿಗೆ 25 ಲೀಟರ್, 60 ಕೊಡುವುದಕ್ಕೆ ಸುಮಾರು 17. ಉಳಿದದ್ದು 8 ಲೀಟರ್. 10 ಕೊಡುವ ಗಾಡಿಗೆ 100 ಲೀಟರ್, 15 ಕೊಡುವುದಕ್ಕೆ ಸುಮಾರು 67. ಉಳಿದದ್ದು 33 ಲೀಟರ್, ಅಂದರೆ ನಾಲ್ಕು ಪಟ್ಟು. ಹೆಚ್ಚು ಕುಡಿಯುವ, ಹೆಚ್ಚು ಓಡುವ ದೊಡ್ಡ ಗಾಡಿಯನ್ನು ಮೊದಲು ಬದಲಿಸಬೇಕು. ಬಾಡಿಗೆಗೆ ಓಡುವ ಟಂಟಂ, ಸಂತೆಗೆ ಮಾಲು ಹೊರುವ ಟೆಂಪೊ, ದಿನವೂ ದೂರ ಓಡುವ ಕಾರು ಇವು ಆ ಸಾಲಿನವು.

ಈ ಸಾಲಿನಲ್ಲಿ ನಮ್ಮ ಮಠಗಳ ಗಾಡಿಗಳೂ ಬರುತ್ತವೆ ಎಂದು ಹೇಳದಿದ್ದರೆ ಈ ಬರಹ ಅರ್ಧ ಸತ್ಯವಾದೀತು. ಪೂಜ್ಯ ಅಪ್ಪಗಳು ಸುಮ್ಮನೆ ತಿರುಗುವುದಿಲ್ಲ. ಒಂದೇ ದಿನ ಒಂದು ಊರಲ್ಲಿ ಗುರುಪ್ರವೇಶ, ಇನ್ನೊಂದರಲ್ಲಿ ಕಲ್ಯಾಣ ಮಹೋತ್ಸವ, ರಾತ್ರಿ ಮತ್ತೊಂದರಲ್ಲಿ ಪ್ರವಚನ. ಕರೆಯುವವರು ನಾವೇ. ದಿನಕ್ಕೆ 100 ಕಿ.ಮೀ. ಎಂದರೆ ತಿಂಗಳಿಗೆ 3,000. ಲೀಟರಿಗೆ 10 ಕೊಡುವ ದೊಡ್ಡ ಗಾಡಿಗೆ 300 ಲೀಟರ್ ಡೀಸೆಲ್ ಬೇಕು, 15 ಕೊಡುವುದಕ್ಕೆ 200. ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 9,000, ವರ್ಷಕ್ಕೆ ಒಂದು ಲಕ್ಷ ಎಂಟು ಸಾವಿರ ಉಳಿಯುತ್ತದೆ. ಹೊಗೆಯ ಲೆಕ್ಕವೂ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಿಂಗಳಿಗೆ 270 ಕಿಲೊ ಕಡಿಮೆಯಾಯಿತು.

ಆ ಹಣ ಯಾರದು? ಭಕ್ತರ ಕಾಯಕದಿಂದ ಬಂದದ್ದು, ದಾಸೋಹಕ್ಕೆ ಹೋಗಬೇಕಾದದ್ದು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಲು ಕಳಿಸಿದ ಸಂಗತಿಯನ್ನು ನಾವೆಲ್ಲ ವೇದಿಕೆಗಳ ಮೇಲೆ ಹೇಳುತ್ತೇವೆ. ಅಕ್ಕಿಗೆ ಅನ್ವಯಿಸುವ ನೀತಿ ಡೀಸೆಲ್‌ಗೂ ಅನ್ವಯಿಸುತ್ತದೆ.

“ಹಳ್ಳಿಯ ಕೆಟ್ಟ ದಾರಿಗೆ ದೊಡ್ಡ ಗಾಡಿಯೇ ಬೇಕು, ಅಪ್ಪಗಳ ಸುರಕ್ಷತೆ ಮುಖ್ಯ” ಎಂದು ಕೆಲವರು ಹೇಳುತ್ತಾರೆ. ಮಾತಿನಲ್ಲಿ ಅರ್ಥವಿದೆ. ದಾರಿ ನಿಜಕ್ಕೂ ಹಾಗಿರುವ ಕಡೆ ಎತ್ತರದ, ಗಟ್ಟಿ ಗಾಡಿ ಇರಲಿ. ಆದರೆ ಸುರಕ್ಷತೆ ಇರುವುದು ಒಳ್ಳೆಯ ಟೈರು, ಬ್ರೇಕು, ಸೀಟ್ ಬೆಲ್ಟ್, ನಿದ್ದೆಗೆಡದ ಚಾಲಕ, ಮಿತವಾದ ವೇಗ ಇವುಗಳಲ್ಲಿ. ಗಾಡಿಯ ಗಾತ್ರವೊಂದೇ ಯಾರನ್ನೂ ಕಾಯುವುದಿಲ್ಲ. ಅನೇಕ ಕಡೆ ದೊಡ್ಡ ಗಾಡಿಯನ್ನು ಕಾಣಿಕೆ ಕೊಡುವವರೂ ಭಕ್ತರೇ. ಪಕ್ಕದ ಮಠಕ್ಕೆ ಇಂಥದ್ದು ಬಂತು, ನಮ್ಮ ಮಠಕ್ಕೆ ಅದಕ್ಕಿಂತ ದೊಡ್ಡದು ಬರಲಿ ಎಂಬ ಆಸೆ ನಮ್ಮದು. ಗಾಡಿ ಸಣ್ಣದಾದರೆ ಮಠದ ಮಾನ ಸಣ್ಣದಾಗುವುದಿಲ್ಲ. ಆದ್ದರಿಂದ ತಪ್ಪನ್ನು ಅಪ್ಪಗಳ ಮೇಲೆ ಹೊರಿಸುವ ಮೊದಲು ನಾವು ನಮ್ಮ ಪೈಪೋಟಿ ಬಿಡಬೇಕು.

ಇನ್ನು ವಿದ್ಯುತ್ ಗಾಡಿ. ವಿದ್ಯುತ್ ಸ್ಕೂಟರ್ 100 ಕಿ.ಮೀ. ಓಡಲು ಸುಮಾರು 3 ಯೂನಿಟ್ ಬೇಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 21 ರೂಪಾಯಿ. ಲೀಟರಿಗೆ 50 ಕೊಡುವ ಬೈಕಿಗೆ ಅದೇ ದೂರಕ್ಕೆ 200 ರೂಪಾಯಿ. ದಿನವೂ 50-60 ಕಿ.ಮೀ. ಓಡುವವರಿಗೆ ಇದು ಬೇಗ ಲಾಭ ಕೊಡುತ್ತದೆ. ಕೊಳ್ಳುವ ಮೊದಲು ಬ್ಯಾಟರಿಗೆ ಎಷ್ಟು ವರ್ಷ ಗ್ಯಾರಂಟಿ, ರಿಪೇರಿ ಹತ್ತಿರದ ಯಾವ ಊರಲ್ಲಿ ಆಗುತ್ತದೆ ಎಂದು ಕೇಳಿಕೊಳ್ಳಬೇಕು. ನಮ್ಮ ಬೀದರ ಜಿಲ್ಲೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಮಠದ ಮಾಳಿಗೆಯ ಮೇಲೆ ಸೌರಫಲಕ ಹಾಕಿದರೆ ಪ್ರಸಾದ ನಿಲಯದ ದೀಪವೂ ಉರಿದೀತು, ಗಾಡಿಯೂ ಓಡೀತು.

ಎಲ್ಲಕ್ಕಿಂತ ದೊಡ್ಡ ಉಳಿತಾಯಕ್ಕೆ ಹೊಸ ಗಾಡಿಯೇ ಬೇಕಿಲ್ಲ. ಲೀಟರಿಗೆ 18 ಕೊಡುವ ಕಾರಿನಲ್ಲಿ ಇಬ್ಬರು ಕುಳಿತರೆ ಒಂದು ಲೀಟರ್ ಇಬ್ಬರನ್ನು 18 ಕಿ.ಮೀ. ಒಯ್ಯುತ್ತದೆ. 12 ಕೊಡುವ ಕ್ರೂಸರ್‌ನಲ್ಲಿ ಹತ್ತು ಜನ ಕುಳಿತರೆ ಅದೇ ಲೀಟರ್ ಹತ್ತು ಜನರನ್ನು 12 ಕಿ.ಮೀ. ಒಯ್ಯುತ್ತದೆ. ಬಸ್ಸು ಲೀಟರಿಗೆ 5 ಕೊಟ್ಟರೂ ನಲವತ್ತು ಜನರನ್ನು ಹೊರುತ್ತದೆ. ಎವರೇಜ್ ಕಡಿಮೆಯಿರುವ ಬಸ್ಸೇ ಎಲ್ಲಕ್ಕಿಂತ ಮಿತವ್ಯಯದ ಗಾಡಿ! 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವೂ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಶುರುವಾದ ಬೀದರ-ಕಲಬುರಗಿ ರೈಲು ಹುಮನಾಬಾದ್ ಮೇಲೆಯೇ ಹೋಗುತ್ತದೆ. ಕಲ್ಯಾಣ ಪರ್ವಕ್ಕೆ ಬಸವಕಲ್ಯಾಣಕ್ಕೆ ಹೋಗುವಾಗ ಒಂದೊಂದು ಮನೆಗೆ ಒಂದೊಂದು ಕಾರು ಬೇಡ. ಓಣಿಗೊಂದು ಗಾಡಿ ಸಾಕು.

ಕೊನೆಗೆ ನನ್ನದೊಂದು ಬೇಡಿಕೆ. ಸರಕಾರಿ ಜೀಪಿನಲ್ಲಿ ಲಾಗ್ ಬುಕ್ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಕಿ.ಮೀ., ಎಷ್ಟು ಲೀಟರ್ ಎಂದು ಬರೆದು ಅಧಿಕಾರಿ ಸಹಿ ಹಾಕಬೇಕು. ಅಂಥ ಒಂದು ಪುಸ್ತಕ ಪ್ರತಿ ಮನೆಯ ಗಾಡಿಯಲ್ಲಿ, ಪ್ರತಿ ಮಠದ ಗಾಡಿಯಲ್ಲಿ ಇರಲಿ. ಮೂರು ತಿಂಗಳು ಬರೆದರೆ ಯಾವ ಗಾಡಿ ಬದಲಿಸಬೇಕು, ಯಾವ ತಿರುಗಾಟ ಬಿಡಬೇಕು ಎಂದು ಪುಸ್ತಕವೇ ಹೇಳುತ್ತದೆ. ಮಠದ ಪುಸ್ತಕವನ್ನು ವರ್ಷಕ್ಕೊಮ್ಮೆ ಭಕ್ತರ ಸಭೆಯಲ್ಲಿ ಓದಿ ಹೇಳಲಿ. ಉಳಿದ ಹಣದಲ್ಲಿ ಎಷ್ಟು ಮಕ್ಕಳು ಪ್ರಸಾದ ನಿಲಯದಲ್ಲಿ ಉಂಡು ಓದಿದರು ಎಂಬುದನ್ನೂ ಅದೇ ಸಭೆಯಲ್ಲಿ ಹೇಳಲಿ. ದರ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಲೆಕ್ಕ ಇಡುವುದು ನಮ್ಮ ಕೈಯಲ್ಲಿದೆ.