ಮನೆವಾರ್ತೆ: ಹೊಲದ ಕಾವಲಿಗೆ ಪಿಸ್ತೂಲು ತರಬಹುದೆ?

ಮುದ್ದೇಬಿಹಾಳ ತಾಲೂಕಿನ ಕೃಷ್ಣಾದಂಡೆಯ ಹಳ್ಳಿಯೊಂದರಿಂದ, ಒಕ್ಕಲುತನ ಮಾಡಿಕೊಂಡಿರುವ ನಮ್ಮ ವಾಚಕರೊಬ್ಬರು ಪತ್ರ ಬರೆದಿರುವರು. ಕಾಡುಹಂದಿಗಳ ಹಿಂಡು ಎರಡೇ ರಾತ್ರಿಗಳಲ್ಲಿ ಅವರ ಶೇಂಗಾದ ಹೊಲವನ್ನು ನೇಗಿಲು ಹೊಡೆದಂತೆ ಮಾಡಿ ಹೋಗಿದೆ. ಮೂರನೆಯ ರಾತ್ರಿ ಕಾವಲಿಗೆ ಹೋದ ಅವರ ತಮ್ಮನ ತೊಡೆಯನ್ನು ಹಂದಿಯೊಂದು ಸೀಳಿದ್ದರಿಂದ ಆತನು ಹದಿನೈದು ದಿನ ಹಾಸಿಗೆ ಹಿಡಿಯಬೇಕಾಯಿತು. "ಬಂದೂಕು ಉದ್ದ, ಹೊರಲು ಭಾರ. ನಡುವಿನಲ್ಲಿ ಸಿಕ್ಕಿಸಿಕೊಳ್ಳುವಂಥ, ತಾನಾಗಿ ಬಾರಾಗುವ ಪಿಸ್ತೂಲು ಒಂದನ್ನು ಕೊಳ್ಳಬೇಕೆಂದಿರುವೆನು. ಬಿಡುವಾದಾಗ ಬೇಟೆಗೂ ಆದೀತು. ಯಾವದನ್ನು ಆರಿಸಬೇಕು? ಮನೆಯಲ್ಲಿ ಒಪ್ಪುತ್ತಿಲ್ಲ, ತಾವು ನಾಲ್ಕು ಮಾತು ಬರೆದರೆ ಆಕೆಯ ಮನಸ್ಸು ತಿರುಗಬಹುದು" ಎಂದು ಅವರು ಕೇಳಿಕೊಂಡಿರುವರು.

ಈ ಪತ್ರವನ್ನು ನಾವು ಹಗುರಾಗಿ ಎಣಿಸಿಲ್ಲ. ವರುಷದ ಅನ್ನ ಮಣ್ಣುಪಾಲಾದವನ ಸಂಕಟ, ಒಡಹುಟ್ಟಿದವನ ರಕ್ತ ಕಂಡವನ ಸಿಟ್ಟು, ಇವೆರಡೂ ಅದರಲ್ಲಿವೆ. ಆಲಮಟ್ಟಿ, ನಾರಾಯಣಪುರಗಳ ಜಲಾಶಯಗಳಿಂದ ನೀರು ಬಂದ ಮೇಲೆ ನಮ್ಮ ಕಡೆ ಕಬ್ಬು ಹೆಚ್ಚಿತು. ಹಳ್ಳಕೊಳ್ಳಗಳಲ್ಲಿ ಬಳ್ಳಾರಿಜಾಲಿ ದಟ್ಟವಾಗಿ ಬೆಳೆಯಿತು. ಹಗಲು ಅಡಗಿರಲು ಜಾಲಿ, ರಾತ್ರಿ ಮೇಯಲು ಹೊಲ: ಹಂದಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಆದುದರಿಂದ ಈ ಪ್ರಶ್ನೆ ಒಬ್ಬರದಲ್ಲ, ಅನೇಕರದೆಂದು ತಿಳಿದು, ತಕ್ಕಷ್ಟು ವಿಸ್ತಾರವಾಗಿಯೇ ಉತ್ತರ ಬರೆಯುತ್ತೇವೆ.

ಮೊದಲು ಬೇಟೆಯ ಮಾತು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಕಾಡುಪ್ರಾಣಿಗಳ ಬೇಟೆಯಾಡುವದು ಅಪರಾಧವು. ಚಿಗರಿ, ತೋಳ, ನವಿಲುಗಳು ಆ ಕಾಯಿದೆಯ ಮೊದಲನೆಯ ಯಾದಿಯಲ್ಲಿ, ಅಂದರೆ ಹೆಚ್ಚಿನ ಶಿಕ್ಷೆಯುಳ್ಳ ಯಾದಿಯಲ್ಲಿ ಸೇರಿವೆ. 2023ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಕಾಡುಹಂದಿಯು ಎರಡನೆಯ ಯಾದಿಯಲ್ಲಿರುವದು. ಹಬ್ಬದ ಬೇಟೆಯೆಂದು ಮೊಲಕ್ಕೆ ಹೋಗುವದು ಕೂಡ ತಪ್ಪೇ. ಆದುದರಿಂದ "ಬೇಟೆಗೂ ಆದೀತು" ಎಂಬ ಮಾತನ್ನು ನಮ್ಮ ಮಿತ್ರರು ತಮ್ಮ ಪತ್ರದಿಂದ ಹೊಡೆದುಹಾಕಬೇಕು.

ಹಾಗಾದರೆ ಮೈಮೇಲೆ ಬಂದ ಪ್ರಾಣಿಗೆ ತಲೆಯೊಡ್ಡಿ ನಿಲ್ಲಬೇಕೆ? ಇಲ್ಲ. ಅದೇ ಕಾಯಿದೆಯ 11ನೆಯ ಕಲಮು, ತನ್ನ ಇಲ್ಲವೆ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಾಗದೆಂದು ಹೇಳುತ್ತದೆ. ಆದರೆ ಹಾಗೆ ಸತ್ತ ಪ್ರಾಣಿ ಸರಕಾರದ ಸೊತ್ತು. ಅದರ ಮಾಂಸವನ್ನು ಹಂಚಿಕೊಳ್ಳುವಂತಿಲ್ಲ. ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿದ್ದವನಿಗೆ ಈ ರಕ್ಷೆಯೂ ಇಲ್ಲ. ಬೇಟೆಗೆಂದೇ ಹೋದವನು, ಹಂದಿ ಮೈಮೇಲೆ ಬಂದುದರಿಂದ ಹೊಡೆದೆನೆಂದು ಹೇಳಿ ಪಾರಾಗಲಾರನು. ನಿಂತ ಪೈರನ್ನು ಹಾಳುಮಾಡುವ ಹಂದಿಯನ್ನು ಕೊಲ್ಲಲಿಕ್ಕೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅಪ್ಪಣೆ ಕೊಡಬಲ್ಲರು. ನೆರೆಯ ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಗ್ರಾಮಪಂಚಾಯತಿಯ ಅಧ್ಯಕ್ಷರವರೆಗೆ ಇಳಿಸಿದರು. ಎಲ್ಲಿಯೇ ಆಗಲಿ, ಅಪ್ಪಣೆ ಮೊದಲು, ಗುಂಡು ಆಮೇಲೆ.

ಇನ್ನು ಪಿಸ್ತೂಲಿನ ವಿಚಾರ. ತಾನಾಗಿ ಬಾರಾಗುವ ಈ ಜಾತಿಯ ಪಿಸ್ತೂಲು 1893ರಲ್ಲಿ ಜರ್ಮನಿಯ ಬೋರ್ಚಾರ್ಡ್ ಎಂಬವನು ನಿರ್ಮಿಸಿದ ಆಯುಧದಿಂದ ಪೇಟೆಗೆ ಬಂದಿತು. ಮುಂದೆ ಅಮೇರಿಕದ ಬ್ರೌನಿಂಗನು ಅದನ್ನು ತಿದ್ದಿ ಲೋಕಕ್ಕೆಲ್ಲ ಹಬ್ಬಿಸಿದನು. ಹಿಡಿಕೆಯೊಳಗಿನ ಪೆಟ್ಟಿಗೆಯಲ್ಲಿ ಕಾಡತೂಸುಗಳು ಒಂದರ ಮೇಲೊಂದು ಕುಳಿತಿರುವವು. ಕುದುರೆಯನ್ನೆಳೆದೊಡನೆ ಗುಂಡು ಹಾರುತ್ತದೆ. ಅದರ ಹಿಂದೊದೆತದಿಂದ ಮೇಲಿನ ಜಾರುಭಾಗವು ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆದು, ಮುಂದೆ ಬರುವಾಗ ಹೊಸ ಕಾಡತೂಸನ್ನು ನಳಿಗೆಗೆ ತಳ್ಳುತ್ತದೆ. ಅಂದರೆ ಒಂದು ಗುಂಡು ಹಾರಿದ ಕ್ಷಣದಲ್ಲಿಯೇ ಇನ್ನೊಂದು ಸಿದ್ಧವಾಗಿರುವದು. ಈ ಆಯುಧದ ಗುಣವೂ ಅದೇ, ಅವಗುಣವೂ ಅದೇ.

ಇಲ್ಲಿಯ ಸಾಮಾನ್ಯ ಗೃಹಸ್ಥನಿಗೆ ಎಂಥ ಪಿಸ್ತೂಲು ಸಿಕ್ಕೀತು? ಸೇನೆಯವರು ಬಳಸುವ 9 ಮಿಲಿಮೀಟರಿನ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಲೈಸೆನ್ಸಿನ ಮೇಲೆ ಹೆಚ್ಚಾಗಿ ದೊರೆಯುವದು .32 ಅಳತೆಯದು. ಅದರ ಗುಂಡಿನ ತೂಕ ಐದು ಗ್ರಾಮಿಗೂ ಕಡಿಮೆ. ಶಕ್ತಿಯನ್ನಳೆಯುವ ಜೂಲ್ ಎಂಬ ಮಾಪಿನಲ್ಲಿ ಅದರ ಪೆಟ್ಟು ಸುಮಾರು 175. 12 ಬೋರಿನ ಬಂದೂಕಿನಿಂದ ಹೊರಡುವ ಒಂಟಿ ಸೀಸದ ಗುಂಡಿನ ಪೆಟ್ಟು ಇದರ ಹದಿನೈದು ಪಟ್ಟಿಗೂ ಮೇಲು. ಬಲಿತ ಗಂಡುಹಂದಿಯಾದರೋ ನೂರು ಕಿಲೋಗ್ರಾಮಿನವರೆಗೆ ತೂಗುವ ಪ್ರಾಣಿ. ಅದರ ಹೆಗಲಿನ ಮೇಲೆ ಗುರಾಣಿಯಂಥ ಗಡಸು ಚರ್ಮವಿರುತ್ತದೆ. ಅಂಥದಕ್ಕೆ ಈ ಸಣ್ಣ ಗುಂಡು ತಗುಲಿದರೆ ಹಂದಿ ಬೀಳುವದಕ್ಕಿಂತ ಕೆರಳುವದೇ ಹೆಚ್ಚು. ಓಡಿಹೋಗುತ್ತಿದ್ದ ಹಂದಿಯನ್ನು ತಿರುಗಿ ಬರುವ ಹಂದಿಯನ್ನಾಗಿ ಮಾಡಲು ಲಕ್ಷಾವಧಿ ರೂಪಾಯಿ ಯಾರು ವೆಚ್ಚ ಮಾಡಬೇಕು?

ಅಮೇರಿಕದ ಅಲಾಸ್ಕಾದಂಥ ಕಡೆ ಕರಡಿಗಳ ಭಯಕ್ಕೆ ಜನರು ಕೈಪಿಸ್ತೂಲು ಕಟ್ಟಿಕೊಂಡು ತಿರುಗುವದುಂಟು. ಆದರೆ ಅವರು ಒಯ್ಯುವದು 10 ಮಿಲಿಮೀಟರಿನ ಪಿಸ್ತೂಲು ಇಲ್ಲವೆ .44 ಅಳತೆಯ ದೊಡ್ಡ ರಿವಾಲ್ವರು. ಮೊದಲನೆಯದರ ಪೆಟ್ಟೇ ನಮ್ಮ.32ಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಅಷ್ಟಾಗಿಯೂ ಅಲ್ಲಿಯ ತಿಳಿದವರು ಮೊದಲು ಕೈಗೆತ್ತಿಕೊಳ್ಳಲು ಹೇಳುವದು ಮೆಣಸಿನಕಾಯಿಯ ಖಾರವನ್ನು ಸಿಂಪಡಿಸುವ ಡಬ್ಬಿಯನ್ನು.

ಪೆಟ್ಟಿನ ಮಾತು ಹೀಗಾದರೆ, ಗುರಿಯ ಮಾತು ಇನ್ನೂ ಕಷ್ಟದ್ದು. ಗಿಡ್ಡ ನಳಿಗೆಯ ಆಯುಧದಲ್ಲಿ ಕೈ ಒಂದೇ ಅಂಶದಷ್ಟು ಓರೆಯಾದರೂ 30 ಮೀಟರಿನಾಚೆ ಗುಂಡು ಅರ್ಧ ಮೀಟರು ಆಚೆಗೆ ಬೀಳುವದು. ಅಮಾವಾಸ್ಯೆಯ ಕತ್ತಲು, ಏರಿದ ಉಸಿರು, ನಡುಗುವ ಕೈ, ಓಡುವ ಪ್ರಾಣಿ: ಇಷ್ಟು ಕೂಡಿದಾಗ ಒಂದು ಅಂಶದ ತಪ್ಪು ಯಾವ ಲೆಕ್ಕ? ತಪ್ಪಿದ ಗುಂಡು ಎಲ್ಲಿಗೆ ಹೋಗುವದೆಂಬದನ್ನೂ ಯೋಚಿಸಬೇಕು. ಪ್ರಾಣಿಯ ಮುಂದೆ ಬಲವಿಲ್ಲದ ಆ ಗುಂಡೇ ಬಯಲಿನಲ್ಲಿ ಒಂದು ಕಿಲೋಮೀಟರಿನಾಚೆಗೂ ಹೋಗಬಲ್ಲದು. ನಮ್ಮದು ಕಣ್ಣು ಹರಿಯುವವರೆಗೆ ಸಪಾಟಾದ ಎರೆಭೂಮಿ; ಗುಂಡನ್ನು ತಡೆಯಲು ಗುಡ್ಡವಿಲ್ಲ. ಆಚೆಯ ಹೊಲದ ಮಂಚಿಕೆಯ ಮೇಲೆ ಯಾರ ಮಗ ಮಲಗಿರುವನೋ, ಯಾವ ಬದುವಿನಲ್ಲಿ ಕುರಿಗಾರರು ಹಟ್ಟಿ ಹಾಕಿರುವರೋ ಕತ್ತಲಲ್ಲಿ ಬಲ್ಲವರಾರು?

ಇಷ್ಟೂ ಹೊಲದ ಮಾತಾಯಿತು. ಆದರೆ ಪಿಸ್ತೂಲು ಹೊಲದಲ್ಲಿರುವದು ವರುಷದ ಕೆಲವು ರಾತ್ರಿ ಮಾತ್ರ. ಉಳಿದ ದಿನಗಳೆಲ್ಲ ಅದು ಮನೆಯಲ್ಲಿಯೇ ಇರುವದು. ಈ ಸಂಬಂಧದಲ್ಲಿ ನಾವು ಕಣ್ಣಾರೆ ಕಂಡುದನ್ನು ಹೇಳುತ್ತೇವೆ. ಕೆಲವು ವರುಷಗಳ ಹಿಂದೆ ನಾವು ಪರಿಚಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಯಜಮಾನರು ಅಭಿಮಾನದಿಂದ ತಮ್ಮ ಪಿಸ್ತೂಲನ್ನು ತಂದು, ಹಿಡಿಕೆಯಿಂದ ಕಾಡತೂಸಿನ ಪೆಟ್ಟಿಗೆಯನ್ನು ತೆಗೆದು ಮಂಚದ ಮೇಲಿಟ್ಟು, "ಇನ್ನು ಭಯವಿಲ್ಲ, ಖಾಲಿಯಾಯಿತು" ಎಂದು ಅದನ್ನು ನೆಂಟರ ಹುಡುಗನ ಕೈಗೆ ಕೊಟ್ಟರು. ಹುಡುಗನು ಆಟದ ವಸ್ತುವಿನಂತೆ ಕುದುರೆಯನ್ನೆಳೆದನು. ಪೆಟ್ಟಿಗೆಯನ್ನು ತೆಗೆದಿದ್ದರೂ ನಳಿಗೆಯಲ್ಲಿ ಒಂದು ಕಾಡತೂಸು ಉಳಿದಿತ್ತು. ಗುಂಡು ಗೋಡೆಯಲ್ಲಿ ನಟ್ಟಿತು. ಅದರ ಕೆಳಗೆ ಒಂದು ಗೇಣಿನಷ್ಟು ಅಂತರದಲ್ಲಿ ಆ ಮನೆಯ ಅಜ್ಜಿ ತಲೆಯೊರಗಿಸಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಂದು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಯಜಮಾನರು ಮೂರ್ಖರಾಗಿರಲಿಲ್ಲ, ಆರು ವರುಷ ಲೈಸೆನ್ಸು ಇಟ್ಟುಕೊಂಡವರು. ಮರೆತದ್ದು ಒಂದೇ ಸಂಗತಿ.

ಆದುದರಿಂದ, ಬೇರೆ ಕಾರಣದಿಂದ ಇಂಥ ಆಯುಧವುಳ್ಳ ಮನೆಗಳವರು ಇದನ್ನು ನೆನಪಿನಲ್ಲಿಡಬೇಕು. ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ, ಬೆರಳನ್ನು ಕುದುರೆಯ ಹೊರಗಿಟ್ಟು, ಮೊದಲು ಪೆಟ್ಟಿಗೆಯನ್ನು ಹೊರತೆಗೆಯಬೇಕು; ಆಮೇಲೆ ಜಾರುಭಾಗವನ್ನು ಪೂರ್ತಿ ಹಿಂದೆಳೆದು ನಳಿಗೆಯ ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಆಯುಧ ಒಂದು ಕೀಲಿಯಲ್ಲಿ, ಕಾಡತೂಸು ಇನ್ನೊಂದು ಕೀಲಿಯಲ್ಲಿರಬೇಕು. ದಿಂಬಿನ ಕೆಳಗೆ, ಹಗೇವಿನ ಹತ್ತಿರ, ದೇವರ ಮಾಡದಲ್ಲಿ ಇಡುವದು ಬೇಡ. ಮಕ್ಕಳಿಗೆ ತಿಳಿಯದ ಜಾಗ ಮನೆಯಲ್ಲಿ ಇರುವದೇ ಇಲ್ಲ.

ಲೈಸೆನ್ಸಿನ ತೊಡಕಿಗೆ ಬೇಸತ್ತು ಕೆಲವರು ಕಳ್ಳದಾರಿ ಹುಡುಕುವರು. ಭೀಮಾತೀರದ ಇಂಡಿ, ಚಡಚಣದ ಕಡೆ ಕಂಟ್ರಿ ಪಿಸ್ತೂಲುಗಳು ಪೋಲೀಸರ ಕೈಗೆ ಸಿಕ್ಕ ಸುದ್ದಿಯನ್ನು ನಮ್ಮ ವಾಚಕರು ಓದಿಯೇ ಇರುವರು. ಅಂಥವುಗಳಲ್ಲಿ ಹೊಡೆದವನ ಕೈಯಲ್ಲಿಯೇ ಸಿಡಿದುಹೋಗುವವೂ ಉಂಟು. ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ತರುವಾಯ ಎರಡರಿಂದ ಐದು ವರುಷಗಳವರೆಗೆ ಶಿಕ್ಷೆಯುಂಟು. ಶೇಂಗಾ ಉಳಿಸಹೋಗಿ ಸಂಸಾರ ಕಳೆದುಕೊಳ್ಳಬಾರದು.

ಆಯುಧದ ಅಭಿಮಾನ ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಇಂಗ್ರೇಜರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಹೊರಡಿಸಿದಾಗ, ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಲ್ಲೆವೆಂದು ಎದುರು ನಿಂತು, ಊರನ್ನೂ ಪ್ರಾಣವನ್ನೂ ಕಳೆದುಕೊಂಡರು. ಅವರ ಕಥೆಯನ್ನು ಲಾವಣಿಯವರು ಹಾಡಿಕೊಂಡು ಬಂದರು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಅಲ್ಲಿ ಕೋವಿಗೆ ಮನೆತನದ ಸಂಸ್ಕಾರವೊಂದು ಬೆಳೆದುಬಂದಿದೆ. ನಮಗೆ ಆ ವಿನಾಯಿತಿಯಿಲ್ಲ. ಹಲಗಲಿಯವರ ಮುಂದಿದ್ದ ಕಾಯಿದೆ ಪರರು ಹೇರಿದ್ದು. ಇಂದಿನ 1959ರ ಆಯುಧ ಕಾಯಿದೆ ನಮ್ಮ ಸಂಸತ್ತೇ ಮಾಡಿದ್ದು.

ಆ ಕಾಯಿದೆಯು ರೈತನನ್ನು ಮರೆತಿಲ್ಲ. ಬೆಳೆಯ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಅದು ಸಾಲದೆಂದು ಅಧಿಕಾರಿಗಳಿಗೆ ಮನದಟ್ಟಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕಿಗೆ ಲೈಸೆನ್ಸು ಕೊಡಬಹುದೆಂದು ಅದರ 13ನೆಯ ಕಲಮಿನಲ್ಲಿದೆ. ಬೆಳೆಯ ಕಾವಲಿನ ಮಾತು ಬಂದಲ್ಲಿ ಪಿಸ್ತೂಲಿನ ಹೆಸರೇ ಇಲ್ಲ. ಅರ್ಜಿಯನ್ನು ವಿಜಯಪುರದ ಜಿಲ್ಲಾಧಿಕಾರಿಗಳ ಕಚೇರಿಗೆ ಹಾಕಬೇಕು, ಪೋಲೀಸರ ವಿಚಾರಣೆಯಾಗುತ್ತದೆ, ವಯಸ್ಸು 21 ತುಂಬಿರಬೇಕು, ಭದ್ರವಾಗಿ ಇಡುವೆನೆಂದು ಬರೆದುಕೊಡಬೇಕು. ಎಲ್ಲವನ್ನೂ ತೂಗಿ ನೋಡಿ ಆಯುಧ ಬೇಕೇಬೇಕೆಂದಾದರೆ ಆರಿಸತಕ್ಕದ್ದು ಇದನ್ನೇ. ಉದ್ದವೆಂದು ನಮ್ಮ ಮಿತ್ರರು ದೂರಿದ ಗುಣವೇ ಅದರ ಹಿರಿಮೆ: ಹೆಗಲಿಗೆ ಒರಗಿದ್ದರಿಂದ ಗುರಿ ನಿಲ್ಲುವದು, ಮುರಿದು ತೆರೆದರೆ ನಳಿಗೆ ಖಾಲಿಯೋ ಬಾರಾಗಿದೆಯೋ ಕಣ್ಣಿಗೆ ಕಾಣುವದು, ಮಗುವಿನ ಕೈಯಲ್ಲಿ ಅಡಗುವದಿಲ್ಲ.

ಆದರೂ ಬಂದೂಕಿಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಸೌರವಿದ್ಯುತ್ತಿನ ಬೇಲಿ ಜುಮ್ಮೆನಿಸಿ ಓಡಿಸುವದೇ ಹೊರತು ಕೊಲ್ಲುವದಿಲ್ಲ. ನಾಲ್ಕೈದು ಹೊಲದವರು ಕೂಡಿ ಹಾಕಿದರೆ ವೆಚ್ಚ ಹಂಚಿಹೋಗುವದು. ಹಂದಿಗಾಗಿ ಅದರ ಮೊದಲ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ತಂತಿಗೆ ಹುಲ್ಲು ತಾಗದಂತೆ ಆಗಾಗ ಸವರಬೇಕು. ಕಂಬದಿಂದ ನೇರವಾಗಿ ವಿದ್ಯುತ್ತನ್ನು ಬೇಲಿಗೆ ಬಿಡುವ ಪಾಪವನ್ನು ಮಾತ್ರ ಯಾರೂ ಮಾಡಬಾರದು. ಬೆಳಗಿನಲ್ಲಿ ಆ ತಂತಿಯ ಮೇಲೆ ಬಿದ್ದಿರುವದು ನೆರೆಯವನ ಎತ್ತೋ, ಸ್ವಂತ ಮಗನೋ ಆಗಿರಬಹುದು. ಸಿಡಿಮದ್ದಿನ ಉಂಡೆಯೂ ಅಂಥದೇ. ಜೋಳದ ಸುತ್ತ ಮುಳ್ಳಿನ ಕುಸುಬೆಯ ಸಾಲು ಹಾಕುವ ಹಿರಿಯರ ಪದ್ಧತಿ ದನಗಳನ್ನು ತಡೆಯುವದು, ಹಂದಿಯನ್ನಲ್ಲ. ಹಂದಿಗೆ ಬೇಲಿಯೂ, ಬದುವಿನ ಜಾಲಿಯನ್ನು ಕಡಿದು ಅಡಗುದಾಣವನ್ನು ಬಯಲುಮಾಡುವದೂ ಬೇಕು. ಕಾವಲಿಗೆ ಒಬ್ಬೊಬ್ಬರೇ ಹೋಗದೆ ಇಬ್ಬರಿಬ್ಬರು ಸರತಿಯಿಂದ ಹೋಗಿ, ನೆಲದ ಮೇಲಲ್ಲದೆ ಎತ್ತರದ ಮಂಚಿಕೆಯ ಮೇಲೆ ಮಲಗಬೇಕು. ಪ್ರಖರವಾದ ದೀಪ, ಹಲಗೆಯ ಸದ್ದು ಇರಲಿ. ಹಂದಿಗೆ ಓಡಲು ದಾರಿ ಬಿಡಬೇಕು. ಮೂಲೆಗೆ ಸಿಕ್ಕ ಹಂದಿಯೂ, ಮರಿಗಳುಳ್ಳ ಹಂದಿಯೂ ಮೇಲೇರಿ ಬರುವವು.

ಹಾನಿಯಾದ ಕೂಡಲೆ ಹೊಲವನ್ನು ಹರಗಿಬಿಡದೆ, ಹೆಜ್ಜೆಗುರುತುಗಳ ಸಹಿತ ಚಿತ್ರ ತೆಗೆದು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು. ಗಾಯಗೊಂಡ ತಮ್ಮನ ಸಲುವಾಗಿ ಆಸ್ಪತ್ರೆಯ ಕಾಗದಗಳೊಂದಿಗೆ ಬೇರೆ ಅರ್ಜಿಯನ್ನೇ ಕೊಡಬೇಕು. ಪರಿಹಾರವು ಹಾನಿಯನ್ನು ಪೂರ್ತಿ ತುಂಬಲಿಕ್ಕಿಲ್ಲ. ಆದರೂ ದಾಖಲೆಯಾದ ಹಾನಿಯೇ ಮುಂದೆ ಹಂದಿಗಳ ಮೇಲೆ ಅಪ್ಪಣೆ ಕೇಳುವದಕ್ಕೆ ಆಧಾರವಾಗುವದು.

ಕೊನೆಗೆ ನಮ್ಮ ಮಿತ್ರರ ಮನೆಯಾಕೆಯ ಮನಸ್ಸನ್ನು ತಿರುಗಿಸುವ ಮಾತು. ಆ ತಾಯಿ ಒಪ್ಪದಿರುವದು ಅಂಜಿಕೆಯಿಂದಲ್ಲ, ಮನೆಯ ಮೂಲೆಮೂಲೆಯನ್ನೂ ಮಕ್ಕಳ ಕೈಗಳನ್ನೂ ಬಲ್ಲವಳಾದ್ದರಿಂದ. ಅವರು ಪಿಸ್ತೂಲಿಗೆಂದು ಕೂಡಿಟ್ಟ ಹಣದಿಂದ ಈ ಹಿಂಗಾರಿಗೆ ಮುಂಚೆಯೇ ನೆರೆಯವರೊಡನೆ ಬೇಲಿ ಹಾಕಿಸಲಿ; ಅದು ಹೇಗೆ ನಡೆಯಿತೆಂಬದನ್ನು ನಮಗೆ ಬರೆದರೆ, ಉಳಿದ ವಾಚಕರಿಗೂ ಉಪಯೋಗವಾಗುವಂತೆ ಇದೇ ಪುಟದಲ್ಲಿ ಪ್ರಕಟಿಸುವೆವು.